ಸಾರ್ವಜನಿಕ ಕಾಮಗಾರಿ ಹಾಗೂ ಅಪರಾಧ ತನಿಖೆ: ಕಾರ್ಯನಿರ್ವಹಣೆಯನ್ನು ಅಳೆಯುವ ಬಗೆ

ಪೀಠಿಕೆ
ಸಿಂಧನೂರು ತಾಲ್ಲೂಕಿನ ಜವಳಗೇರಾ ಗ್ರಾಮದ ರಸ್ತೆ, ಚರಂಡಿ, ಶಾಲಾ ಕೊಠಡಿಗಳಿಗೆ ವೆಚ್ಚವಾಗುವುದು ಸಾರ್ವಜನಿಕರ ಹಣ. ಠಾಣೆಗೆ ಸಲ್ಲಿಕೆಯಾಗುವುದು ಸಾರ್ವಜನಿಕರ ದೂರು. ಇವೆರಡರ ಫಲಿತಾಂಶವನ್ನು ಪರಿಶೀಲಿಸುವ ಹಕ್ಕು ಪ್ರತಿಯೊಬ್ಬ ನಾಗರಿಕರಿಗೂ ಇರುತ್ತದೆ.

1. ಕಾಮಗಾರಿಗಳು
ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಉದ್ದೇಶವು ಟೆಂಡರು ಪ್ರಕ್ರಿಯೆಯನ್ನು ಬಹಿರಂಗವಾಗಿ ನಡೆಸುವುದಾಗಿದೆ. ಪರಿಶೀಲಿಸಬೇಕಾದ ಅಂಶಗಳು:
ಅ) ಅಂದಾಜು ಮೊತ್ತ ಮತ್ತು ಒಪ್ಪಂದದ ಮೊತ್ತ
ಆ) ಭಾಗವಹಿಸಿದ ಗುತ್ತಿಗೆದಾರರ ಸಂಖ್ಯೆ
ಇ) ನಿಗದಿತ ಅವಧಿ ಮತ್ತು ಪೂರ್ಣಗೊಂಡ ದಿನಾಂಕ
ಈ) ಅಂತಿಮ ಬಿಲ್ಲು ಮತ್ತು ಅಳತೆ ಪುಸ್ತಕದ ನಮೂದು
ಕಡಿಮೆ ದರವೊಂದೇ ಉತ್ತಮ ಕಾಮಗಾರಿಯ ಗುರುತಲ್ಲ. ಒಂದೇ ಮಳೆಗಾಲದಲ್ಲಿ ಕಿತ್ತುಹೋಗುವ ರಸ್ತೆಯು ಎಷ್ಟು ಅಗ್ಗವಾದರೂ ನಷ್ಟವೇ ಸರಿ.

2. ಅಪರಾಧ ಪ್ರಕರಣಗಳು
ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಶಿಕ್ಷೆಯ ಪ್ರಮಾಣವನ್ನು ವಿಚಾರಣೆ ಮುಗಿದ ಪ್ರಕರಣಗಳ ಮೇಲೆ ಮಾತ್ರ ಲೆಕ್ಕ ಹಾಕಲಾಗುತ್ತದೆ. ಉದಾಹರಣೆಗೆ, 100 ಪ್ರಕರಣಗಳಲ್ಲಿ 10 ಇತ್ಯರ್ಥವಾಗಿ 5ರಲ್ಲಿ ಶಿಕ್ಷೆಯಾದರೆ ಪ್ರಮಾಣವು ಶೇ. 50 ಆಗುತ್ತದೆ, ಬಾಕಿ ಉಳಿದ 90 ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಬಾಕಿ ಪ್ರಕರಣಗಳ ಸಂಖ್ಯೆಯನ್ನೂ ಜೊತೆಗಿಟ್ಟು ನೋಡತಕ್ಕದ್ದು. ದೂರುಗಳ ದಾಖಲಾತಿ ಕಡಿಮೆಯಾದ ಮಾತ್ರಕ್ಕೆ ಅಪರಾಧ ಕಡಿಮೆಯಾಗಿದೆ ಎಂದು ಭಾವಿಸುವಂತಿಲ್ಲ.
2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ನೀಡಬೇಕು. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ತಿಳಿಸಬೇಕು.

3. ಮಾಹಿತಿ ಪಡೆಯುವ ವಿಧಾನ
ಅ) ಗ್ರಾಮ ಪಂಚಾಯತಿಯಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರವರೆಗೆ ನಡೆಯುವ ಜಮಾಬಂದಿಯಲ್ಲಿ ಹಿಂದಿನ ವರ್ಷದ ಲೆಕ್ಕಪತ್ರ ಹಾಗೂ ಕಾಮಗಾರಿಗಳನ್ನು ಪರಿಶೀಲಿಸಲಾಗುತ್ತದೆ. ಗ್ರಾಮಸ್ಥರು ಹಾಜರಿದ್ದು ಪ್ರಶ್ನಿಸಬಹುದು.
ಆ) ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳನ್ನು ಮೀರದಂತಿರಬೇಕು.
ಇ) 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರವು ಸಮಾಧಾನಕರವಾಗಿಲ್ಲದಿದ್ದಲ್ಲಿ, ನಂತರದ 30 ದಿನಗಳೊಳಗೆ ಮೊದಲನೇ ಮೇಲ್ಮನವಿ ಸಲ್ಲಿಸತಕ್ಕದ್ದು. ಎರಡನೇ ಮೇಲ್ಮನವಿಯನ್ನು 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಸಲ್ಲಿಸಬಹುದು.
ಈ) ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನು ನಿರಾಕರಿಸಲು ಅವಕಾಶವಿದೆ, ಆದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು.

4. ಲಂಚದ ದೂರುಗಳು
2016ರಲ್ಲಿ ರಚನೆಯಾಗಿದ್ದ ಭ್ರಷ್ಟಾಚಾರ ನಿಗ್ರಹ ದಳವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದೆ. ಆದ್ದರಿಂದ ಸದರಿ ದೂರುಗಳನ್ನು ಲೋಕಾಯುಕ್ತ ಪೊಲೀಸರಿಗೆ ಸಲ್ಲಿಸಬಹುದಾಗಿದೆ.

ಸೂಚನೆ: ಅರ್ಜಿಯಲ್ಲಿ ಕಾಮಗಾರಿಯ ಹೆಸರು ಹಾಗೂ ವರ್ಷ, ಅಥವಾ ಅಪರಾಧ ಸಂಖ್ಯೆ ಹಾಗೂ ಠಾಣೆಯ ಹೆಸರನ್ನು ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳಲು ಕೋರಲಾಗಿದೆ. ಮೇಲ್ಮನವಿಯ ಅವಧಿಯನ್ನು ಲೆಕ್ಕ ಹಾಕಲು ಸ್ವೀಕೃತಿಯ ದಿನಾಂಕವು ಅವಶ್ಯಕ.