ಮೊಳಕೆಯಲ್ಲಿ ಕಾಣದ ಸಿರಿ

2025ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಎನ್‌ಬಿಎ ಡ್ರಾಫ್ಟ್‌ನಲ್ಲಿ 46ನೆಯದಾಗಿ ಕೂಗಿದ ಹೆಸರು ನಮ್ಮ ಮಿಡ್‌ಲ್ಯಾಂಡ್ಸ್‌ನ ಹುಡುಗನದು. ನಾಟಿಂಗ್‌ಹ್ಯಾಮ್‌ನ ಅಮಾರಿ ವಿಲಿಯಮ್ಸ್. ಹೆಚ್ಚುಕಡಿಮೆ ಏಳಡಿ ಎತ್ತರ, ಎಡಗೈ ಆಟ, ಆಡುವ ಜಾಗ ಸೆಂಟರ್. ಆಯ್ಕೆ ಒರ್ಲ್ಯಾಂಡೊ ತಂಡದ ಹೆಸರಿನಲ್ಲಿ ನಡೆದರೂ ಹಕ್ಕು ಕೈಬದಲಾಗಿ ಬಾಸ್ಟನ್ ಸೆಲ್ಟಿಕ್ಸ್ ಪಾಲಾಯಿತು. ಫುಟ್‌ಬಾಲ್ ಸುದ್ದಿಯೇ ತುಂಬಿರುವ ಇಲ್ಲಿನ ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕಿದ ಜಾಗ ಚಿಕ್ಕದು. ಆದರೆ ಬ್ಯಾಸ್ಕೆಟ್‌ಬಾಲ್ ನೋಡುವವರ ನಡುವೆ, ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ, ಹಳೆಯ ಜಗಳವೊಂದು ಮತ್ತೆ ಶುರುವಾಯಿತು. ಇನ್ನೂ ಏನನ್ನೂ ಸಾಧಿಸಿ ತೋರಿಸದ ಹುಡುಗನನ್ನು ಕೇವಲ ಎತ್ತರ ನೋಡಿ ತಂಡಕ್ಕೆ ಸೇರಿಸಿಕೊಳ್ಳುವುದು ಜಾಣತನವೋ, ಜೂಜೋ?

ಈ ಜಗಳಕ್ಕೆ ಕಾರಣವೂ ಇತ್ತು. 2024ರಲ್ಲಿ ಚಾಂಪಿಯನ್ ಆಗಿದ್ದ ಬಾಸ್ಟನ್, ಮರುವರ್ಷ ಸಂಬಳದ ಮಿತಿ ಮೀರಿದ್ದಕ್ಕೆ ತೆರಬೇಕಾದ ಭಾರೀ ದಂಡಕ್ಕೆ ಅಂಜಿ ಖರ್ಚು ತಗ್ಗಿಸಲು ಹೊರಟಿತ್ತು. ಪೋರ್ಜಿಂಗಿಸ್, ಹಾರ್ಫರ್ಡ್, ಕಾರ್ನೆಟ್ ಎಂಬ ಮೂವರು ಅನುಭವಿ ಸೆಂಟರ್‌ಗಳು ಒಬ್ಬರ ಹಿಂದೊಬ್ಬರಂತೆ ಹೊರಟುಹೋದರು. ತಂಡದ ದೊಡ್ಡ ಆಟಗಾರ ಜೇಸನ್ ಟೇಟಮ್ ಹಿಮ್ಮಡಿಯ ನರ ಹರಿದು ಮಲಗಿದ್ದರು. ಹೀಗೆ ಮನೆಯ ನಡುಗಂಬವೇ ಇಲ್ಲದಾದಾಗ ವಿಲಿಯಮ್ಸ್‌ಗೆ ಸಿಕ್ಕಿದ್ದು ‘ಟೂ-ವೇ’ ಒಪ್ಪಂದ. 2017ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಹೊಸ ಆಟಗಾರನಿಗೆ ಕನಿಷ್ಠ ಸಂಬಳದ ಅರ್ಧದಷ್ಟು ಹಣ. ಒಂದು ಕಾಲು ದೊಡ್ಡ ತಂಡದಲ್ಲಿ, ಇನ್ನೊಂದು ಕಾಲು ಅದರ ಕಿರಿಯ ತಂಡದಲ್ಲಿ. ಒಂದು ಸೀಸನ್‌ನಲ್ಲಿ ದೊಡ್ಡ ತಂಡದ ಪರವಾಗಿ 50 ಪಂದ್ಯ ದಾಟುವಂತಿಲ್ಲ. ತಂಡದ ಮಟ್ಟಿಗೆ ಇದು ಅಗ್ಗದ ಪರೀಕ್ಷೆ. ಹುಡುಗನ ಮಟ್ಟಿಗೆ ಬದುಕಿನ ಪ್ರಶ್ನೆ.

ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ. ಬೇಡವೆನ್ನುವವರು ವಯಸ್ಸನ್ನು ಎತ್ತುತ್ತಾರೆ. 23 ವರ್ಷವೆಂದರೆ ಡ್ರಾಫ್ಟ್ ಲೆಕ್ಕದಲ್ಲಿ ಆಗಲೇ ತಡ. ದೂರದಿಂದ ಬುಟ್ಟಿಗೆ ಗುರಿಯಿಡುವ ಅಭ್ಯಾಸವಿಲ್ಲ, ಇಂದಿನ ಆಟದಲ್ಲಿ ಸೆಂಟರ್ ಕೂಡ ಅದನ್ನು ಕಲಿತಿರಬೇಕು. ಬೇಕೆನ್ನುವವರು ಅಂಕಿ ಮುಂದಿಡುತ್ತಾರೆ. ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿದ್ದಾಗ ಸತತ ಮೂರು ವರ್ಷ ತನ್ನ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ. ಬಳಿಕ ಕೆಂಟಕಿಯಂಥ ದೊಡ್ಡ ಕಾಲೇಜು ತಂಡದಲ್ಲಿ ಸರಾಸರಿ 10.9 ಅಂಕ, 8.5 ರಿಬೌಂಡ್. ಮೇಲಾಗಿ ಅಷ್ಟು ಎತ್ತರದವರಲ್ಲಿ ಅಪರೂಪವಾದ ಪಾಸ್ ಕೊಡುವ ಕಣ್ಣು.

ಈ ಜಗಳ ಸೆಂಟರ್‌ಗಳ ವಿಷಯದಲ್ಲೇ ಇಷ್ಟು ಬಿಸಿಯಾಗುವುದೇಕೆ? ಆಟದ ಉಳಿದ ಕಸುಬುಗಳನ್ನು ಕಲಿಸಬಹುದು, ಎತ್ತರವನ್ನು ಕಲಿಸಲು ಬರುವುದಿಲ್ಲ. ಹಾಗಾಗಿ ತಂಡಗಳು ಎತ್ತರದವನನ್ನು ಕಂಡರೆ ಮಿಕ್ಕದ್ದನ್ನು ಕಲಿಸಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತವೆ. 1984ರ ಡ್ರಾಫ್ಟ್‌ನಲ್ಲಿ ಪೋರ್ಟ್‌ಲೆಂಡ್ ತಂಡ ಸ್ಯಾಮ್ ಬೋವಿ ಎಂಬ ಸೆಂಟರ್‌ನನ್ನು ಎರಡನೆಯ ಸ್ಥಾನದಲ್ಲಿ ಆರಿಸಿತು. ಮೂರನೆಯವನಾಗಿ ಶಿಕಾಗೋಗೆ ಹೋದವನು ಮೈಕೆಲ್ ಜೋರ್ಡಾನ್. ಅದೇ ಪೋರ್ಟ್‌ಲೆಂಡ್ 2007ರಲ್ಲಿ ಮೊದಲ ಸ್ಥಾನದಲ್ಲಿ ಗ್ರೆಗ್ ಓಡನ್‌ನನ್ನು ಆರಿಸಿತು. ಆತನ ಮಂಡಿಗಳು ಆಟದ ಭಾರ ತಾಳಲಿಲ್ಲ. ಇನ್ನೊಂದು ಕಡೆ, 2014ರಲ್ಲಿ 41ನೆಯವನಾಗಿ ಆಯ್ಕೆಯಾದ ಸರ್ಬಿಯಾದ ನಿಕೋಲಾ ಯೋಕಿಚ್ ಮುಂದೆ ಮೂರು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರನೆನಿಸಿದ. ಎಲ್ಲರ ಕಣ್ಣಿಗೂ ಬಿದ್ದವನು ಕುಸಿದ, ಯಾರ ಕಣ್ಣಿಗೂ ಬೀಳದವನು ಬೆಳೆದ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ನಮ್ಮ ಗಾದೆಗೆ ಈ ಆಟದ ಅತಿ ಎತ್ತರದವರು ಸುಲಭಕ್ಕೆ ಸಿಕ್ಕುವುದಿಲ್ಲ. ಅವರ ಮೈ ಬೆಳೆದು ನಿಲ್ಲುವುದೇ ತಡ. ಕೈಕಾಲು ಮಾತು ಕೇಳುವುದು ಅದಕ್ಕಿಂತ ತಡ.

ಇದಕ್ಕೆ ಇಂಗ್ಲೆಂಡಿನ ಉತ್ತರ ಭಾಗದಲ್ಲೇ ಒಂದು ಹಳೆಯ ಉದಾಹರಣೆಯಿದೆ. ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸ್ಟಾಕ್‌ಪೋರ್ಟ್‌ನಲ್ಲಿ ಬೆಳೆದ ಜಾನ್ ಅಮೇಚಿ. ಹುಟ್ಟಿದ್ದು 1970ರಲ್ಲಿ, ವಿಲಿಯಮ್ಸ್ ಈಗ ಸೇರಿರುವ ಬಾಸ್ಟನ್ ನಗರದಲ್ಲೇ. ತಂದೆ ನೈಜೀರಿಯಾದವರು, ತಾಯಿ ಇಂಗ್ಲಿಷ್ ಮಹಿಳೆ. ಆಕೆ ಸ್ಟಾಕ್‌ಪೋರ್ಟ್‌ನಲ್ಲಿ ಜಿಪಿ ವೈದ್ಯೆಯಾಗಿ ಮಕ್ಕಳನ್ನು ಸಾಕಿದರು. ದಪ್ಪ ಮೈಯ, ಪುಸ್ತಕದ ಹುಳುವಾಗಿದ್ದ ಆ ಹುಡುಗ ಬ್ಯಾಸ್ಕೆಟ್‌ಬಾಲ್ ಕೈಗೆತ್ತಿಕೊಂಡಾಗ ಆತನಿಗೆ ಹದಿನೇಳು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ನಮ್ಮ ಹಿರಿಯರು ಕೇಳುತ್ತಿದ್ದ ವಯಸ್ಸು ಅದು. ಆರಡಿ ಹತ್ತಂಗುಲದ ಆ ಮರ ಬಗ್ಗಿತು. ಅಮೆರಿಕದ ಶಾಲೆಯೊಂದಕ್ಕೆ ಹೋಗಿ, ಅಲ್ಲಿಂದ ವ್ಯಾಂಡರ್‌ಬಿಲ್ಟ್, ಆಮೇಲೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿ, ಆಟದಷ್ಟೇ ಓದಿನಲ್ಲೂ ಹೆಸರು ಮಾಡಿದರು.

1995ರ ಡ್ರಾಫ್ಟ್‌ನಲ್ಲಿ ಅಮೇಚಿಯನ್ನು ಯಾವ ತಂಡವೂ ಆರಿಸಲಿಲ್ಲ. ಕ್ಲೀವ್‌ಲೆಂಡ್ ತಂಡ ಅವರನ್ನು ಹೊರಗಿನಿಂದ ಸೇರಿಸಿಕೊಂಡು, ಸೀಸನ್‌ನ ಮೊದಲ ಪಂದ್ಯದ ಆರಂಭಿಕ ಐವರಲ್ಲೇ ನಿಲ್ಲಿಸಿತು. ಡ್ರಾಫ್ಟ್ ಆಗದೆ ಬಂದ ಹೊಸಬನೊಬ್ಬನಿಗೆ ಅಂಥ ಅವಕಾಶ ಸಿಕ್ಕಿದ್ದು ಎನ್‌ಬಿಎ ಇತಿಹಾಸದಲ್ಲೇ ಮೊದಲು. ಆದರೆ ಆ ವರ್ಷ ಆಡಿದ್ದು 28 ಪಂದ್ಯ ಮಾತ್ರ. ಮುಂದಿನ ವರ್ಷಗಳು ಯುರೋಪಿನ ಅಲೆದಾಟಕ್ಕೆ ಹೋದವು. ಫ್ರಾನ್ಸ್, ಗ್ರೀಸ್, ಇಟಲಿ, ನಡುವೆ ನಮ್ಮ ಶೆಫೀಲ್ಡ್. ಅಂದು ಕ್ಲೀವ್‌ಲೆಂಡ್‌ನ ನಿರ್ಧಾರವನ್ನು ಹಳಿದವರು ತಮ್ಮ ಮಾತೇ ನಿಜವಾಯಿತು ಎಂದುಕೊಂಡಿದ್ದರೆ ತಪ್ಪು ಹೇಳಲಾಗದು.

1999ರಲ್ಲಿ ಒರ್ಲ್ಯಾಂಡೊ ಕರೆಯಿತು. ಡಾಕ್ ರಿವರ್ಸ್ ಎಂಬ ಹೊಸ ಕೋಚ್, ದೊಡ್ಡ ಹೆಸರುಗಳಿಲ್ಲದ ತಂಡ. ಬೆನ್ ವಾಲೇಸ್, ಡ್ಯಾರೆಲ್ ಆರ್ಮ್‌ಸ್ಟ್ರಾಂಗ್, ಬೋ ಔಟ್‌ಲಾ, ಅಮೇಚಿ, ಇವರಲ್ಲಿ ಯಾರೂ ಡ್ರಾಫ್ಟ್‌ನಲ್ಲಿ ಆಯ್ಕೆಯಾದವರಲ್ಲ. ಸೋಲಿನ ಸಾಲೇ ಕಾದಿದೆ ಎಂದು ಎಲ್ಲರೂ ಅಂದುಕೊಂಡಿದ್ದ ಆ ತಂಡ 41 ಗೆದ್ದು 41 ಸೋತಿತು. ರಿವರ್ಸ್ ವರ್ಷದ ಕೋಚ್ ಆದರು. ಅಮೇಚಿಯ ಸರಾಸರಿ 10.5 ಅಂಕಕ್ಕೆ ಏರಿತು. 2000ನೆಯ ಇಸವಿಯ ಎನ್‌ಬಿಎಯ ಮೊದಲ ಬುಟ್ಟಿ ಹಾಕಿದ್ದೂ ಈ ಸ್ಟಾಕ್‌ಪೋರ್ಟ್ ಹುಡುಗನೇ. ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ 1.7 ಕೋಟಿ ಡಾಲರ್ ಮುಂದಿಟ್ಟಿತು. ತನ್ನನ್ನು ನಂಬಿದ ಒರ್ಲ್ಯಾಂಡೊವನ್ನು ಬಿಡಲಾರೆನೆಂದು ಅವರು ಸುಮಾರು ಆರು ಲಕ್ಷ ಡಾಲರಿಗೆ ಅಲ್ಲೇ ಉಳಿದರು.

ಕಥೆ ಇಲ್ಲಿಗೇ ನಿಂತಿದ್ದರೆ ನೀತಿಪಾಠವಾಗುತ್ತಿತ್ತು. ಆದರೆ 2001ರಲ್ಲಿ ಯೂಟಾ ಜಾಝ್ ತಂಡ ದೊಡ್ಡ ಹಣ ಕೊಟ್ಟು, ನಾಲ್ಕು ವರ್ಷದ ಒಪ್ಪಂದಕ್ಕೆ ಅವರನ್ನು ಕರೆದೊಯ್ದಿತು. ಅಲ್ಲಿನ ಎರಡು ಸೀಸನ್‌ಗಳಲ್ಲಿ ಸರಾಸರಿ ಮೂರು ಅಂಕದ ಆಸುಪಾಸಿಗೆ ಬಿತ್ತು. ಕೋಚ್‌ಗೂ ಅವರಿಗೂ ಹೊಂದಲಿಲ್ಲ. ಗಮನಿಸಬೇಕಾದದ್ದು ಇದು: ಏನೂ ಸಾಬೀತಾಗದಿದ್ದಾಗ ಅಗ್ಗಕ್ಕೆ ಕೊಂಡ ಒರ್ಲ್ಯಾಂಡೊಗೆ ಲಾಭವಾಯಿತು, ಸಾಬೀತಾದ ಮೇಲೆ ದುಬಾರಿಗೆ ಕೊಂಡ ಯೂಟಾಗೆ ನಷ್ಟವಾಯಿತು. ಆಟಗಾರ ಒಬ್ಬನೇ. ಬದಲಾದದ್ದು ಸುತ್ತಲಿನ ಮನೆ. 2007ರಲ್ಲಿ ಬರೆದ ಆತ್ಮಕಥೆಯಲ್ಲಿ ಅಮೇಚಿ ತಾವು ಸಲಿಂಗಿಯೆಂದು ಬಹಿರಂಗವಾಗಿ ಹೇಳಿದರು. ಎನ್‌ಬಿಎಯಲ್ಲಿ ಆಡಿದವರಲ್ಲಿ ಹಾಗೆ ಹೇಳಿಕೊಂಡ ಮೊದಲಿಗರು ಅವರು. ಆ ವರ್ಷಗಳಲ್ಲಿ ಅವರು ಹೊತ್ತು ಆಡುತ್ತಿದ್ದ ಭಾರ ಯಾವ ಅಂಕಪಟ್ಟಿಯಲ್ಲೂ ಇರಲಿಲ್ಲ. ಸಾಬೀತು ಎಂಬ ಮಾತು ಎಷ್ಟು ಸಡಿಲವೆಂಬುದು ಇದರಿಂದ ತಿಳಿಯುತ್ತದೆ.

ಇಷ್ಟಕ್ಕೂ ಈ ಹುಡುಗರು ಅಮೆರಿಕಕ್ಕೇ ಹೋಗಿ ಬೆಳೆಯಬೇಕಾಯಿತೇಕೆ? ಉತ್ತರ ಇಂಗ್ಲೆಂಡಿಗೆ ಈ ಆಟ ಹೊಸದೇನಲ್ಲ. ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದದ್ದು 1891ರ ಡಿಸೆಂಬರಿನಲ್ಲಿ. ಮರುವರ್ಷವೇ ಅದು ಲಿವರ್‌ಪೂಲ್ ಎದುರಿನ ಬರ್ಕೆನ್‌ಹೆಡ್‌ನ ವೈಎಂಸಿಎಗೆ ಬಂದಿತ್ತು. ನಮ್ಮ ದಕ್ಷಿಣ ಭಾರತಕ್ಕೂ ಆಟ ಹಬ್ಬಿದ್ದು ಇದೇ ದಾರಿಯಲ್ಲಿ. 1920ರಲ್ಲಿ ಹ್ಯಾರಿ ಬಕ್ ಮದರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಮೇಷ್ಟ್ರುಗಳು ಅದನ್ನು ಶಾಲೆಗಳ ಅಂಗಳಕ್ಕೆ ಒಯ್ದರು. ಬೀಜ ಎರಡೂ ಕಡೆ ಬಿತ್ತು. ನೀರು ಹಾಯಿಸುವವರು ಸಾಲದೆ ಹೋದರು.

ಇಲ್ಲಿ ದುಡ್ಡು ಬಂದಾಗಲೂ ಅವಸರದಲ್ಲೇ ಬಂತು. 1985ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ ವಾರಿಂಗ್ಟನ್‌ನ ತಂಡವನ್ನು ಕೊಂಡು ತನ್ನ ಹೆಸರಿನಲ್ಲಿ ಆಡಿಸಿತು. ಮರುವರ್ಷವೇ ಲೀಗ್ ಗೆದ್ದಿತು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 1995ರಲ್ಲಿ ಮ್ಯಾಂಚೆಸ್ಟರ್‌ನ ಹೊಸ ನೈನೆಕ್ಸ್ ಅರೀನಾದಲ್ಲಿ ಜೈಂಟ್ಸ್ ತಂಡದ ಪಂದ್ಯಕ್ಕೆ 14,251 ಜನ ಸೇರಿದ್ದರು. ಅಮೇಚಿ ಕ್ಲೀವ್‌ಲೆಂಡ್‌ಗೆ ಸೇರಿದ್ದೂ ಅದೇ ವರ್ಷ. ಆರು ವರ್ಷಕ್ಕೆ ಆ ತಂಡವೇ ಮುಚ್ಚಿತು. ಬರ್ಮಿಂಗ್‌ಹ್ಯಾಮ್‌ನ ಬುಲೆಟ್ಸ್ 1996 ಮತ್ತು 1998ರಲ್ಲಿ ಚಾಂಪಿಯನ್ ಆಗಿ, 2006ರಲ್ಲಿ ಮಾಯವಾಯಿತು. ಲೀಡ್ಸ್‌ನ ಫೋರ್ಸ್ 2014ರಿಂದ ನಾಲ್ಕು ವರ್ಷ ಬಾಳಿತು. ಈ ಸೀಸನ್ ದಾಟಿದರೆ ಸಾಕೆನ್ನುವ ಕ್ಲಬ್‌ಗೆ ಸಿದ್ಧವಾಗಿ ಬರುವ ಅಮೆರಿಕನ್ ಆಟಗಾರ ಬೇಕು, ಐದು ವರ್ಷ ತಿದ್ದಬೇಕಾದ ಸ್ಥಳೀಯ ಹುಡುಗ ಬೇಡ. ಅದು ಕೆಟ್ಟತನವಲ್ಲ, ಬಡತನ.

ಸರ್ಕಾರದ ಕಡೆಯಿಂದಲೂ ಇದೇ ತರ್ಕ ಬಂತು. ಲಂಡನ್ ಒಲಿಂಪಿಕ್ಸ್ ಮುಗಿದ ಮೇಲೆ, 2014ರಲ್ಲಿ, ಪದಕದ ಭರವಸೆ ಕಾಣುತ್ತಿಲ್ಲವೆಂಬ ಕಾರಣಕ್ಕೆ ಯುಕೆ ಸ್ಪೋರ್ಟ್ ಬ್ಯಾಸ್ಕೆಟ್‌ಬಾಲ್‌ಗೆ ಕೊಡುತ್ತಿದ್ದ ಹಣವನ್ನು ಪೂರ್ತಿ ನಿಲ್ಲಿಸಿತು. ಗೆದ್ದು ತೋರಿಸಿದರೆ ಹಣ. ಹಣವಿಲ್ಲದೆ ಗೆಲ್ಲುವುದು ಹೇಗೆಂಬುದಕ್ಕೆ ಉತ್ತರವಿಲ್ಲ. ಬಡ ಪ್ರದೇಶಗಳ ಶಾಲೆಗಳಲ್ಲಿ, ವಲಸೆ ಬಂದವರ ಮಕ್ಕಳು ಹೆಚ್ಚು ಆಡುವ ಆಟಕ್ಕೆ ಆ ಏಟು ಬಿತ್ತು. 2024ರಲ್ಲಿ ಬ್ರಿಟಿಷ್ ಬ್ಯಾಸ್ಕೆಟ್‌ಬಾಲ್ ಲೀಗ್ ಕೂಡ ಮುಚ್ಚಿ, ಬೇರೆ ಹೆಸರಿನ ಲೀಗ್ ಹುಟ್ಟಿಕೊಂಡಿತು.

ಈ ದೇಶಕ್ಕೆ ಬಂದ ಕನ್ನಡಿಗರಿಗೆ ಈ ತರ್ಕ ಅಪರಿಚಿತವಲ್ಲ. ಮಿಡ್‌ಲ್ಯಾಂಡ್ಸ್ ಮತ್ತು ಉತ್ತರದ ಊರುಗಳಲ್ಲಿ ನೆಲೆಸಿದ ನಮ್ಮ ಹಿರಿಯ ತಲೆಮಾರಿನಲ್ಲಿ ವೈದ್ಯರು ಅನೇಕ. 1975ರಲ್ಲಿ ಭಾರತದ ವೈದ್ಯಪದವಿಗೆ ಇಲ್ಲಿದ್ದ ಪೂರ್ಣ ಮಾನ್ಯತೆ ಹೋಗಿ, ವಿದೇಶದಿಂದ ಬರುವವರಿಗೆ ಪರೀಕ್ಷೆ ಬಂತು. ಮುಂದೆ ಅದೇ ‘ಪ್ಲ್ಯಾಬ್’ ಎಂದು ಮನೆಮಾತಾಯಿತು. ಪಾಸಾದ ಮೇಲೂ ಮೊದಲ ಕೆಲಸಕ್ಕೆ ಕೇಳುವುದು ಈ ದೇಶದ ಅನುಭವ. ಅನುಭವ ಬರಬೇಕಾದರೆ ಮೊದಲ ಕೆಲಸ ಸಿಗಬೇಕು. ಸಂಬಳವಿಲ್ಲದೆ ವಾರ್ಡಿನಲ್ಲಿ ನಿಂತು ನೋಡುತ್ತ ತಿಂಗಳುಗಳನ್ನು ಕಳೆದವರಿದ್ದಾರೆ. ಕೊನೆಗೆ ಬಾಗಿಲು ತೆರೆದದ್ದು ಬಹುಪಾಲು ಇಲ್ಲಿನವರು ಹಿಂದೆಗೆಯುತ್ತಿದ್ದ ಕಡೆ: ವೃದ್ಧರ ಚಿಕಿತ್ಸೆ, ಮನೋವೈದ್ಯ, ಗಣಿ ಮತ್ತು ಗಿರಣಿ ಊರುಗಳ ಸರ್ಜರಿಗಳು. ಯಾರಿಗೂ ಬೇಡವಾದ ಜಾಗ ತುಂಬಲು ಕರೆದವರು ಮುಂದೆ ಆ ವಿಭಾಗಗಳನ್ನೇ ಕಟ್ಟಿ ನಿಲ್ಲಿಸಿದರು. ಸೆಂಟರ್ ಖಾಲಿಯಿದ್ದಾಗ ಕರೆ ಬಂದ ಹುಡುಗರ ಕಥೆಗೂ ಇದಕ್ಕೂ ಬಹಳ ದೂರವಿಲ್ಲ.

ಹಾಗೆಂದು ಕರೆದ ಮಾತ್ರಕ್ಕೆ ಎಲ್ಲರೂ ಬೆಳೆಯುವುದಿಲ್ಲ. 2015ರಲ್ಲಿ ಪಂಜಾಬಿನ ಹಳ್ಳಿಯಿಂದ ಬಂದ ಏಳಡಿ ಎರಡಂಗುಲದ ಸತ್ನಾಮ್ ಸಿಂಗ್ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ಭಾರತದಲ್ಲಿ ಹಬ್ಬವೇ ಆಯಿತು. ಭಾರತದಲ್ಲಿ ಹುಟ್ಟಿದ ಯಾರಿಗೂ ಅದುವರೆಗೆ ಆ ಗೌರವ ಸಿಕ್ಕಿರಲಿಲ್ಲ. ಆತ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಬೇಡವೆನ್ನುವವರ ಕೈಯಲ್ಲಿ ಇದು ಗಟ್ಟಿ ಸಾಕ್ಷಿ, ಅದನ್ನು ಮುಚ್ಚಿಡಬೇಕಿಲ್ಲ.

ಆದ್ದರಿಂದ ಹುಡುಗ ಸಾಬೀತಾಗಿದ್ದಾನೆಯೇ ಎಂದು ಕೇಳಿದರೆ ಜಗಳ ಮುಗಿಯುವುದಿಲ್ಲ. ಅವನು ಬೆಳೆಯುವಷ್ಟು ಕಾಲ ಕಾಯಲು ಈ ಮನೆಗೆ ಶಕ್ತಿಯಿದೆಯೇ, ಕಾಯುವಾಗ ಯಾರು ಜೊತೆಗಿರುತ್ತಾರೆ ಎಂದು ಕೇಳಬೇಕು. ಒರ್ಲ್ಯಾಂಡೊ 1999ರಲ್ಲಿ ಕಾಯಬಲ್ಲದಾಗಿತ್ತು, ಏಕೆಂದರೆ ಅದರಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್‌ನ ಕ್ಲಬ್‌ಗಳು ಕಾಯಲಾರದಾದವು, ಏಕೆಂದರೆ ನಾಳೆಯ ಬಾಡಿಗೆಯೇ ಅವಕ್ಕೆ ಚಿಂತೆ. ಹೀಗಾಗಿ ಈ ನೆಲದಲ್ಲಿ ಮೊಳೆತವರು ಬೇರೆ ನೆಲದಲ್ಲಿ ಮರವಾಗಬೇಕಾಯಿತು.

ಅಮೇಚಿ ತಾವು ಗಳಿಸಿದ ಹಣದಲ್ಲಿ ಒಂದು ಪಾಲನ್ನು ಮ್ಯಾಂಚೆಸ್ಟರ್‌ಗೆ ತಂದು ಸುರಿದರು. ವಾಲಿ ರೇಂಜ್‌ನಲ್ಲಿ ಅವರ ಹೆಸರಿನ ಬ್ಯಾಸ್ಕೆಟ್‌ಬಾಲ್ ಕೇಂದ್ರವಿದೆ. ಮ್ಯಾಂಚೆಸ್ಟರ್ ಮ್ಯಾಜಿಕ್ ತಂಡಕ್ಕೂ ಹೆಣ್ಣುಮಕ್ಕಳ ಮಿಸ್ಟಿಕ್ಸ್ ತಂಡಕ್ಕೂ ಅದೇ ಮನೆ. ಅಲ್ಲಿ ಅಭ್ಯಾಸಕ್ಕೆ ಬರುವ ಮಕ್ಕಳಲ್ಲಿ ಎನ್‌ಬಿಎ ಮುಟ್ಟುವವರು ಒಬ್ಬರೂ ಇಲ್ಲದಿರಬಹುದು. ಆದರೆ ಹದಿನೇಳರಲ್ಲಿ ಮೊದಲ ಸಲ ಚೆಂಡು ಮುಟ್ಟುವ, ತನ್ನ ಕೈಕಾಲಿನ ಉದ್ದಕ್ಕೆ ತಾನೇ ನಾಚುವ ಹುಡುಗನೊಬ್ಬ ಒಳಗೆ ಬಂದರೆ, ತಡವಾಯಿತು ಹೋಗು ಎಂದು ಅಲ್ಲಿ ಯಾರೂ ಹೇಳಲಾರರು. ಗೋಡೆಯ ಮೇಲಿರುವ ಹೆಸರೇ ಅದಕ್ಕೆ ಅಡ್ಡ ಬರುತ್ತದೆ.