ಕೂಡ್ಲಿಗಿ–ಹಡಗಲಿ ಸೀಮೆಯ ಸಂಸ್ಕೃತಿ: ಜಾಗತೀಕರಣ ಮತ್ತು ಮಾಧ್ಯಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳು. ತುಂಗಭದ್ರೆಯ ಬಲದಂಡೆಯಿಂದ ಚಿತ್ರದುರ್ಗದ ಗಡಿಯ ಕುರುಚಲು ಗುಡ್ಡಗಳವರೆಗೆ ಹರಡಿದ ಈ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಒಣಭೂಮಿ. ಮ್ಯಾಸಬೇಡರು, ಕುರುಬರು, ಲಿಂಗಾಯತರು, ಮಾದಿಗರು, ಛಲವಾದಿಗಳು, ಲಂಬಾಣಿಗರು, ಮುಸ್ಲಿಮರು ಕೂಡಿ ಬಾಳಿದ ಇಲ್ಲಿ ಜಾತ್ರೆ, ಬಯಲಾಟ, ಪೀರಲ ಹಬ್ಬ, ಕೆಲಸದ ಹಾಡು ಒಂದಕ್ಕೊಂದು ಹೆಣೆದುಕೊಂಡು ಬೆಳೆದವು. 1991ರ ಆರ್ಥಿಕ ಉದಾರೀಕರಣದ ನಂತರ ಮಾರುಕಟ್ಟೆ, ಉಪಗ್ರಹ ವಾಹಿನಿ, ಮೊಬೈಲು ಈ ಬದುಕನ್ನು ಮುಟ್ಟಿದ ಬಗೆ ಎಲ್ಲದರಲ್ಲೂ ಒಂದೇ ಆಗಿಲ್ಲ. ಜನ ನೆರೆದು ನೋಡುವಂಥದ್ದು ಹಿಗ್ಗಿತು. ಯಾರೂ ನೋಡಲೆಂದು ಹುಟ್ಟದೆ ಕೆಲಸದ ಜೊತೆಗೇ ಹುಟ್ಟಿದ್ದು ಸದ್ದಿಲ್ಲದೆ ಹೋಯಿತು. ಈ ಸೀಮೆಯ ಇತ್ತೀಚಿನ ಸಾಂಸ್ಕೃತಿಕ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಇದು.

ಹಳೆಯ ನಂಟುಗಳು

ಹೊರಜಗತ್ತು ಇಲ್ಲಿಗೆ ಮೊದಲು ಬಂದದ್ದು 1991ರಲ್ಲಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಮೈಲಾರಲಿಂಗ ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬ, ತೆಲುಗು ನಾಡಿನಲ್ಲಿ ಮಲ್ಲಣ್ಣ. ಕುರಿಗಾಹಿಗಳು ಮತ್ತು ಒಕ್ಕಲು ಮಕ್ಕಳು ಭಾಷೆಯ ಗಡಿ ದಾಟಿ ಈ ದೇವರನ್ನು ಹೊತ್ತು ನಡೆದಿದ್ದಾರೆ. ಜರ್ಮನಿಯ ವಿದ್ವಾಂಸ ಗುಂಥರ್ ಸೊಂಥೈಮರ್ ಈ ಪರಂಪರೆಯನ್ನು ಅಧ್ಯಯನ ಮಾಡುವಾಗ ಖಂಡೋಬನ ಜೊತೆಗೆ ಮೈಲಾರನನ್ನೂ ಇಟ್ಟು ನೋಡಿದ್ದು ಇದೇ ಕಾರಣಕ್ಕೆ. 19ನೆಯ ಶತಮಾನದಲ್ಲಿ ಬಳ್ಳಾರಿ ಸೀಮೆಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿತ್ತು. 1861–65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಭಾರತದ ಹತ್ತಿಗೆ ಬೆಲೆ ಏರಿದಾಗ ಅದರ ಬಿಸಿ ಇಲ್ಲಿಯ ಎರೆಹೊಲಗಳಿಗೂ ತಟ್ಟಿತು. 20ನೆಯ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಹಾದು ಬಂದ ರೈಲುದಾರಿ ಕೊಟ್ಟೂರಿಗೆ ಬಂದು ನಿಂತಿತು, ಕೊಟ್ಟೂರು ವ್ಯಾಪಾರದ ಊರಾಗಿ ಬೆಳೆಯಿತು.

ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸು ಪ್ರಾಂತ್ಯದಲ್ಲಿತ್ತು. ತೆಲುಗಿನ ಒಡನಾಟ ಇಲ್ಲಿ ಮನೆಮಾತಿನಷ್ಟು ಹಳೆಯದು. ಕೂಡ್ಲಿಗಿಯ ಮ್ಯಾಸಬೇಡರಲ್ಲಿ ಅನೇಕರು ಮನೆಯಲ್ಲಿ ತೆಲುಗನ್ನೇ ಆಡುತ್ತಾರೆ. ತೆಲುಗು ಸಿನಿಮಾ ಇಲ್ಲಿ ಎಂದೂ ಪರಭಾಷೆಯ ಚಿತ್ರ ಅನ್ನಿಸಲಿಲ್ಲ. ಆದ್ದರಿಂದ ಮಾಧ್ಯಮದ ಪ್ರಭಾವವೆಂದರೆ ಇಂಗ್ಲಿಷಿನ ಪ್ರಭಾವ ಎಂದು ಬರೆಯುವ ರೂಢಿ ಈ ಭಾಗಕ್ಕೆ ಹೊಂದುವುದಿಲ್ಲ. ಆಡಳಿತದ ಗಡಿಯೂ ಒಂದೇ ಕಡೆ ನಿಲ್ಲಲಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಉಳಿದ ನಾಲ್ಕರ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಬಂತು.

ಅಟ್ಟದಿಂದ ಪರದೆಗೆ

ಸುಗ್ಗಿ ಮುಗಿದ ಮೇಲೆ ಊರಿನವರೇ ಬಯಲಾಟ ಕಲಿಯುವುದು ಈ ಭಾಗದ ವಾಡಿಕೆ. ತಿಂಗಳುಗಟ್ಟಲೆ ತಾಲೀಮು, ಹಾಡು ಕುಣಿತ ಕಲಿಸುವ ಮಾಸ್ತರು, ಆಟದ ರಾತ್ರಿ ಅಟ್ಟ ಕಟ್ಟುವ ಸಂಭ್ರಮ – ಬೆಳಗಾಗುವವರೆಗೆ ನಡೆಯುವ ಆಟದಲ್ಲಿ ಅಕ್ಷರ ಬಾರದವನೂ ನೂರಾರು ಪದ್ಯ, ಉದ್ದುದ್ದ ಮಾತು ಒಪ್ಪಿಸುತ್ತಿದ್ದ. ಕಂಪನಿ ನಾಟಕಗಳ ಪ್ರಭಾವದಿಂದ ಇದರ ಪಕ್ಕದಲ್ಲೇ ಹಳ್ಳಿಯ ಸಾಮಾಜಿಕ ನಾಟಕ ಬೆಳೆಯಿತು. ಬಾಡಿಗೆಯ ಡ್ರಾಮಾ ಸೀನ್ಸು, ಹಾರ್ಮೋನಿಯಂ ಮಾಸ್ತರು, ಹೊರಗಿನಿಂದ ಕರೆಸುವ ನಟಿಯರು ಅದಕ್ಕೆ ಬೇಕು. ಆ ನಟಿಯರ ಊರೆಂದೇ ಹೆಸರಾದದ್ದು ಹೊಸಪೇಟೆ–ಹಗರಿಬೊಮ್ಮನಹಳ್ಳಿ ನಡುವಿನ ಮರಿಯಮ್ಮನಹಳ್ಳಿ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶರು ರಂಗಭಾರತಿ ಸಂಸ್ಥೆಯ ಮೂಲಕ ಆಧುನಿಕ ರಂಗಭೂಮಿಯನ್ನು ತಾಲ್ಲೂಕು ಕೇಂದ್ರಕ್ಕೆ ತಂದರು. ಮುಂದೆ ಉಪಮುಖ್ಯಮಂತ್ರಿಯಾದ ಮೇಲೂ ಅವರು ಹಡಗಲಿಯವರಿಗೆ ನಾಟಕದ ಮನುಷ್ಯನಾಗಿಯೇ ಉಳಿದರು.

1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಈ ಲೋಕವನ್ನು ಕೆಡಿಸಲಿಲ್ಲ. ಜನಪದ ಹಾಡು, ತತ್ತ್ವಪದ, ರೈತರ ಕಾರ್ಯಕ್ರಮಗಳು ಉತ್ತರ ಕರ್ನಾಟಕದ ನುಡಿಯಲ್ಲೇ ಬಂದವು. ತಿರುವು ಬಂದದ್ದು ದೂರದರ್ಶನದಿಂದ. 1987–88ರಲ್ಲಿ ಭಾನುವಾರದ ರಾಮಾಯಣ ಹಿಂದಿಯಲ್ಲಿ ಬಂತು. ಹಿಂದಿ ಬಾರದ ಹಳ್ಳಿಗರಿಗೆ ಅದು ಅರ್ಥವಾದದ್ದು ಬಯಲಾಟ, ಪುರಾಣ ಪ್ರವಚನಗಳಿಂದ ಕಥೆ ಮೊದಲೇ ಬಾಯಲ್ಲಿದ್ದುದರಿಂದ. ಬಯಲಾಟವೇ ತನ್ನ ಎದುರಾಳಿಗೆ ಪ್ರೇಕ್ಷಕರನ್ನು ತಯಾರು ಮಾಡಿಕೊಟ್ಟಂತಾಯಿತು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಸಂಜೆಯ ಹೊತ್ತು ತಾಲೀಮಿನ ಕೈತಪ್ಪಿತು. ಬಯಲಾಟ ಇಲ್ಲದಂತಾಗಲಿಲ್ಲ, ಈಗಲೂ ಜಾತ್ರೆಗಳಲ್ಲಿ ಆಡುತ್ತಾರೆ. ಆದರೆ ತಾಲೀಮಿನ ಆ ತಿಂಗಳುಗಳು ಉಳಿಯಲಿಲ್ಲ. ಊರಿನ ಹುಡುಗರಿಗೆ ಭಾಷೆ, ಲಯ, ಎದ್ದುನಿಂತು ಮಾತಾಡುವ ಧೈರ್ಯ ಸಿಗುತ್ತಿದ್ದುದು ಆ ತಿಂಗಳುಗಳಲ್ಲಿ. ಕನ್ನಡಕ್ಕೆ ಡಬ್ಬಿಂಗ್ ಕೂಡದೆಂಬ ದಶಕಗಳ ಕಟ್ಟು ಸಡಿಲವಾಗಿ 2020ರ ಲಾಕ್‌ಡೌನ್ ವೇಳೆಗೆ ಮಹಾಭಾರತ ಧಾರಾವಾಹಿ ಕನ್ನಡದಲ್ಲೇ ಮಾತಾಡಿತು. ಆ ಕನ್ನಡ ಗ್ರಂಥಸ್ಥ ಕನ್ನಡ. ಹಡಗಲಿಯ ಭೀಮ ಆಡುತ್ತಿದ್ದ ಮಾತಿನ ಜವಾರಿತನ ಅದರಲ್ಲಿಲ್ಲ.

ಮೈಲಾರದ ಕಾರಣಿಕ

ಮಾಧ್ಯಮವು ಒಂದು ಆಚರಣೆಯನ್ನು ಅಳಿಸದೆಯೇ ಬದಲಿಸುವ ಬಗೆಗೆ ಮೈಲಾರದ ಕಾರಣಿಕ ಎಂಬ ದೇವನುಡಿಗಿಂತ ಸ್ಪಷ್ಟವಾದ ನಿದರ್ಶನ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಮೈಲಾರದ ಡೆಂಕನಮರಡಿಯಲ್ಲಿ, ಉಪವಾಸ ವ್ರತ ಹಿಡಿದ ದೇವರ ಸೇವಕ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಡಮರು, ಏಳುಕೋಟಿಯ ಘೋಷದಲ್ಲಿ ಮುಳುಗಿದ್ದ ಮರಡಿಗೆ ಮೇಲಿನಿಂದ ‘ಸದ್ದಲೇ’ ಎಂಬ ಕೂಗು ಬೀಳುತ್ತದೆ. ಲಕ್ಷಾಂತರ ಜನ ಒಂದೇ ಸಲ ಮೌನವಾಗುತ್ತಾರೆ. ಗೊರವಯ್ಯ ಒಂದೇ ಒಂದು ಸಾಲು ನುಡಿದು ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ನುಡಿ ಚಿಕ್ಕದು, ಒಗಟಿನಂಥದು. ಅದನ್ನು ಬಿಡಿಸುವ ಕೆಲಸ ಅಲ್ಲಿಂದ ಶುರು. ಚಕ್ಕಡಿ ಕಟ್ಟಿಕೊಂಡು ಬಂದವರು ದಾರಿಯುದ್ದಕ್ಕೂ ಅದನ್ನೇ ಮಾತಾಡುತ್ತಾ ಊರು ಸೇರುತ್ತಿದ್ದರು. ಎರೆಯವನಿಗೆ ಒಂದು ಅರ್ಥ, ಮಸಾರಿಯವನಿಗೆ ಇನ್ನೊಂದು, ಕುರಿಯವನಿಗೆ ಮತ್ತೊಂದು. ಮಳೆ ಯಾವ ದಿಕ್ಕಿಗೆ, ಬೀಜ ಯಾವುದು ಹಾಕಬೇಕು, ಧಾರಣೆ ಏರೀತೇ ಇಳಿದೀತೇ ಎಂದು ಪ್ರತಿ ಊರಿನ ಕಟ್ಟೆಯಲ್ಲೂ ವರ್ಷವಿಡೀ ಆ ಸಾಲನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದರು. ಮಳೆ ತಪ್ಪಿದರೆ ನುಡಿ ಸುಳ್ಳಾಗುತ್ತಿರಲಿಲ್ಲ, ತಾವು ಅರ್ಥ ಮಾಡಿಕೊಂಡದ್ದು ತಪ್ಪೆಂದು ಒಪ್ಪಿಕೊಳ್ಳುತ್ತಿದ್ದರು. ಇದು ಬೇಸಾಯಗಾರರ ಸಾಮೂಹಿಕ ಯೋಚನೆಯ ಒಂದು ಪದ್ಧತಿಯಾಗಿತ್ತು.

2006ರ ಕೊನೆಯಲ್ಲಿ ಟಿವಿ9 ಬಂದು, ಅದರ ಹಿಂದೆ ಕನ್ನಡದ ಇತರ ಸುದ್ದಿವಾಹಿನಿಗಳು ಸಾಲುಗಟ್ಟಿದ ಮೇಲೆ ಕಾರಣಿಕ ಇಡೀ ರಾಜ್ಯದ ಸುದ್ದಿಯಾಯಿತು. ಗೊರವಯ್ಯ ನೆಲ ಮುಟ್ಟುವಷ್ಟರಲ್ಲಿ ಸಾಲು ಪರದೆಯ ಮೇಲೆ ಓಡುತ್ತದೆ. ಕೆಲವೇ ಹೊತ್ತಿನಲ್ಲಿ ಅದಕ್ಕೆ ಅರ್ಥ ಹೇಳುವವರು ಸ್ಟುಡಿಯೊದಲ್ಲಿ ಕೂತಿರುತ್ತಾರೆ. ಆ ಅರ್ಥ ಹೆಚ್ಚಾಗಿ ರಾಜಕೀಯದ್ದು: ಸರ್ಕಾರ ಉಳಿಯುತ್ತದೆಯೇ, ಮುಂದಿನ ಮುಖ್ಯಮಂತ್ರಿ ಯಾರು. ನುಡಿಯಲ್ಲಿ ರಾಜಕೀಯ ಕಾಣುವುದು ಹೊಸತೇನಲ್ಲ, ರಾಜರ ಕಾಲದಿಂದಲೂ ಅದನ್ನು ಹಾಗೆ ಓದಿರಬಹುದು. ಹೊಸತಾದದ್ದು ಬೇರೆ. ನೂರು ಊರಿನ ನೂರು ಅರ್ಥಗಳ ಜಾಗಕ್ಕೆ ಒಂದೇ ಅರ್ಥ ಬಂತು, ಅದೂ ಬೆಂಗಳೂರಿನಿಂದ. ಮೈಲಾರದ ಮೇಲೆ ಹಾರಿ ಬರಬಾರದೆಂಬ ನಂಬಿಕೆಯನ್ನು ಮೀರಿ ಹೆಲಿಕಾಪ್ಟರಿನಲ್ಲಿ ಬಂದಿದ್ದ ರಾಜಕಾರಣಿಯೊಬ್ಬರು ಮುಂದೆ ಬೆಳ್ಳಿಯ ಹೆಲಿಕಾಪ್ಟರನ್ನು ದೇವರಿಗೆ ಒಪ್ಪಿಸಿದ್ದೂ ದೊಡ್ಡ ಸುದ್ದಿಯಾಯಿತು. ಜಾತ್ರೆ ಮೊದಲಿಗಿಂತ ದೊಡ್ಡದಾಗಿದೆ, ದೂರದೂರದ ಜನಕ್ಕೆ ಮೈಲಾರ ಗೊತ್ತಾಗಿದೆ. ಕಟ್ಟೆಯ ಚರ್ಚೆ ಮಾತ್ರ ಗಿಡ್ಡವಾಯಿತು. ಹೀಗಿದ್ದರೂ ‘ಸದ್ದಲೇ’ ಎಂದಾಗ ಇಳಿಯುವ ಆ ಮೌನವನ್ನು ಯಾವ ಕ್ಯಾಮೆರಾವೂ ಇನ್ನೂ ಕೆಡಿಸಿಲ್ಲ.

ಕೊಟ್ಟೂರಿನಲ್ಲಿ ಮೊಬೈಲಿನ ಕಾಲ ಬೇರೆ ರೀತಿಯಲ್ಲಿ ಕಾಣಿಸಿತು. 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರರ ತೇರು ಎಳೆಯುವಾಗ ಉರುಳಿಬಿದ್ದ ದೃಶ್ಯ, ಭಕ್ತರ ಫೋನುಗಳಿಂದಲೇ ಹೊರಟು, ದುಡಿಯಲು ಬೇರೆ ನಾಡಿಗೆ ಹೋದವರ ಕೈಗೂ ಅದೇ ಸಂಜೆಗೆ ಸೇರಿತು. ದಾವಣಗೆರೆ ಕಡೆಯಿಂದ ಕಾಲ್ನಡಿಗೆಯಲ್ಲಿ ಕೊಟ್ಟೂರಿಗೆ ಬರುವ ಪದ್ಧತಿ ಈ ದಿನಗಳಲ್ಲೂ ಕುಂದಿಲ್ಲ. ಗುಳೆ ಹೋದವರಿಗೆ ಊರಿನ ನಂಟು ಹರಿಯದಂತೆ ಹಿಡಿದಿರುವುದು ಇಂದು ಜಾತ್ರೆಯೂ ಫೋನೂ ಕೂಡಿಯೇ.

ಜೋಗತಿಯರು

ಸ್ಥಳೀಯವಾದದ್ದೆಲ್ಲ ಉಳಿಸಿಕೊಳ್ಳತಕ್ಕದ್ದೇ ಎಂದು ಈ ಸೀಮೆಯ ಬಗ್ಗೆ ಬರೆಯುವವರು ಹೇಳಲಾರರು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವೂ ಸೇರಿ ಎಲ್ಲಮ್ಮನ ನೆಲೆಗಳಲ್ಲಿ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಇತ್ತು. 1982ರ ದೇವದಾಸಿ ನಿಷೇಧ ಕಾಯಿದೆ, ಹೋರಾಟಗಾರರು, ಪತ್ರಿಕೆಗಳು ಬೆನ್ನುಹತ್ತಿ ಅದನ್ನು ತಡೆದದ್ದು ಹೊರಗಿನ ಕಣ್ಣು ಮಾಡಿದ ದೊಡ್ಡ ಉಪಕಾರ. ಅದೇ ಎಲ್ಲಮ್ಮನ ಪರಂಪರೆಯ ಚೌಡಿಕೆಯ ಪದ, ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯಗಳನ್ನು ಮರಿಯಮ್ಮನಹಳ್ಳಿಯಲ್ಲಿ ಕಾಳವ್ವ ಜೋಗತಿ ಮತ್ತು ಅವರ ಶಿಷ್ಯೆ ಮಂಜಮ್ಮ ಜೋಗತಿ ರಂಗಕ್ಕೆ ತಂದರು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ತೃತೀಯಲಿಂಗಿ ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ಅವರು ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದ ಕ್ಷಣ ಮೊಬೈಲುಗಳಲ್ಲಿ ದೇಶವನ್ನೇ ಸುತ್ತಿತು. ಹಿಂದೆ ಜನ ಹತ್ತಿರ ಬಿಟ್ಟುಕೊಳ್ಳಲು ಹಿಂಜರಿಯುತ್ತಿದ್ದ ಜೋಗತಿಯರ ಹಾರೈಕೆ ಅಂದು ನಾಡಿಗೆ ಮರ್ಯಾದೆಯ ಮಾತಾಯಿತು.

ಜಗತ್ತು ಕೊಟ್ಟ ಹೆಸರು

ಹಡಗಲಿಯ ಮಲ್ಲಿಗೆ ವಿಜಯನಗರದ ಕಾಲದಲ್ಲಿ ದೋಣಿಯೇರಿ ಹಂಪಿಯ ವಿರೂಪಾಕ್ಷನಿಗೆ ಹೋಗುತ್ತಿತ್ತು, ಊರಿನ ಹೆಸರು ಬಂದದ್ದೇ ಹೂವಿನ ಹಡಗಿನಿಂದ ಎಂದು ಜನ ಹೇಳುತ್ತಾರೆ. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ತಕ್ಕಂತೆ 1999ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಕೆಗಳ ಕಾಯಿದೆಯಡಿ ಈ ಮಲ್ಲಿಗೆಗೆ ಮಾನ್ಯತೆ ದೊರೆಯಿತು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ, ಹಕ್ಕಿಗಳ ನೆಲೆಯಾಗಿ, 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ–20 ಸಂಸ್ಕೃತಿ ಸಭೆಯಲ್ಲಿ ಸಂಡೂರಿನ ಲಂಬಾಣಿ ಕಸೂತಿಯನ್ನು ಲೋಕಕ್ಕೆ ತೋರಿಸಲಾಯಿತು. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಲ್ಲಾದರೆ ಕನ್ನಡಿ ಹಚ್ಚಿದ ಫೇಟಿಯಾ ಈಗ ಅಜ್ಜಿಯರ ಮೈಮೇಲೆ ಮಾತ್ರ ಕಾಣುತ್ತದೆ.

ಕಣ ಮತ್ತು ಹಾಡು

ಸಂಸ್ಕೃತಿಗೆ ಪೆಟ್ಟು ಕೊಟ್ಟದ್ದು ಟಿವಿ ಎಂದು ಹೇಳುವುದು ಸುಲಭ. ಹೊಲವನ್ನು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಬೀಸುವ ಪದ ಹೋದದ್ದು ಹಿಟ್ಟಿನ ಗಿರಣಿಯಿಂದ, ಉದಾರೀಕರಣಕ್ಕಿಂತ ಎಷ್ಟೋ ಮೊದಲು. ಆಮೇಲಿನ ದೊಡ್ಡ ಬದಲಾವಣೆ ಮೆಕ್ಕೆಜೋಳದ್ದು. ಕೋಳಿ ಆಹಾರಕ್ಕೂ ಸ್ಟಾರ್ಚ್ ಕಾರ್ಖಾನೆಗೂ ಬೇಡಿಕೆ ಬೆಳೆದಂತೆ ದಾವಣಗೆರೆ, ಹರಪನಹಳ್ಳಿ, ಹಡಗಲಿಯ ಹೊಲಗಳಲ್ಲಿ ಜೋಳ, ನವಣೆ, ಸಜ್ಜೆಗಳ ಜಾಗವನ್ನು ಅದು ಹಿಡಿಯಿತು. ಒಣಬೇಸಾಯದ ರೈತನಿಗೆ ಕೈಗೆ ರೊಕ್ಕ ಬಂತು, ಇದನ್ನು ಕಡೆಗಣಿಸುವಂತಿಲ್ಲ. ಅದೇ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಸಂಡೂರು–ಹೊಸಪೇಟೆಯ ಅದಿರಿಗೆ ಬೆಲೆ ಏರಿತು. ಕೂಡ್ಲಿಗಿಯ ಹುಡುಗರು ಲಾರಿ ಹತ್ತಿದರು, 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿದಾಗ ಅಷ್ಟೇ ಬೇಗ ಇಳಿದರು.

ಬಿಳಿಜೋಳದ ಸೊಪ್ಪೆ ದನಕ್ಕೆ ಮೇವು. ಜೋಳ ಕಡಿಮೆಯಾದಾಗ ಮೇವೂ ಕಡಿಮೆಯಾಯಿತು, ಎತ್ತು ಸಾಕುವುದು ಭಾರವಾಯಿತು, ಟ್ರ್ಯಾಕ್ಟರು ಬಂತು. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಬರದ ವರ್ಷಗಳಲ್ಲಿ ಮೇವಿಗಾಗಿ ಅಲೆಯುವಂತಾದದ್ದಕ್ಕೆ ಗೋಮಾಳ ಕುಗ್ಗಿದ್ದರ ಜೊತೆ ಇದೂ ಕಾರಣ. ಒಕ್ಕುವ ಯಂತ್ರದ ಕಾಲದಲ್ಲಿ ಕಣ ಸಾರಿಸಿ, ನಡುವೆ ಮೇಟಿ ನೆಟ್ಟು, ಹಂತಿ ಕಟ್ಟಿ ಎತ್ತು ತಿರುಗಿಸುವ ಕೆಲಸವೇ ಇಲ್ಲ. ಹಂತಿಯ ಹಿಂದೆ ರಾತ್ರಿಯೆಲ್ಲ ಹಾಡುತ್ತಿದ್ದ ಹಂತಿಪದ ಆ ಕೆಲಸದ ಹಾಡು. ಒಬ್ಬ ಎತ್ತಿಕೊಡುವುದು, ಉಳಿದವರು ಹಿಂದಿನಿಂದ ಸೇರುವುದು ಎತ್ತಿನ ಹೆಜ್ಜೆಗೆ ಕೂಡಿದ ಲಯ. ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಒಂದು ಎನ್ನದೆ ‘ಲಾಭ’ ಎಂದು ಎಣಿಸುತ್ತಿದ್ದರು. ಆ ಎಣಿಕೆಯೂ ತೂಕದ ಯಂತ್ರದ ಮುಂದೆ ನಿಂತುಹೋಯಿತು.

1991ರಲ್ಲಿ ಹಂಪಿಯಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಮೌಖಿಕ ಕಾವ್ಯಗಳನ್ನು ಸಂಪಾದಿಸುವ ದೊಡ್ಡ ಕೆಲಸ ಮಾಡಿದೆ, ಯೂಟ್ಯೂಬಿನಲ್ಲಿ ಹಂತಿಪದದ ವಿಡಿಯೊಗಳೂ ಸಿಗುತ್ತವೆ. ಅವುಗಳಲ್ಲಿ ಹಾಡುವವರು ಹೆಚ್ಚಾಗಿ ಜಮಖಾನದ ಮೇಲೆ ಕೂತು, ಮೈಕಿನ ಮುಂದೆ, ಐದು ನಿಮಿಷದಲ್ಲಿ ಮುಗಿಸುತ್ತಾರೆ. ಇಡೀ ರಾತ್ರಿಯ ಹಾಡಿನಲ್ಲಿ ಯಾವುದು ಮೊದಲು, ಎತ್ತು ದಣಿದಾಗ ಯಾವುದು, ಬೆಳ್ಳಿ ಮೂಡುವಾಗ ಯಾವುದು ಎಂಬ ಕ್ರಮ ಈ ತಾಲ್ಲೂಕುಗಳ ಕೆಲವು ಹಿರಿಯರ ನೆನಪಿನಲ್ಲಿ ಇನ್ನೂ ಇದೆ.