ಬೆಂಕಿಯ ಬಣ್ಣವೇ ಅಳತೆಗೋಲು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗೆ ಹೆಸರಾಗಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಬಳೆ ತಯಾರಿಕೆಯನ್ನು ವಿವರಿಸಿದ್ದಾನೆ. ಉಷ್ಣಮಾಪಕವಿಲ್ಲದ ಕುಲುಮೆಗಳಲ್ಲಿ ಕಾವಿನ ಹದಕ್ಕೆ ಬೆಂಕಿಯ ಬಣ್ಣವೇ ಗುರುತು: ಕೆಂಪು, ಕಿತ್ತಳೆ, ಹಳದಿ, ಬಿಳುಪು.

ಈ ಗುರುತನ್ನೇ 1892ರಲ್ಲಿ ಫ್ರಾನ್ಸಿನ ಲ ಶಾತೆಲಿಯೆ ಉಪಕರಣಕ್ಕೆ ಇಳಿಸಿದ. ಮುಟ್ಟದೆ, ಬೆಳಕಿನಿಂದಲೇ ಕಾವು ಅಳೆಯುವ ಪೈರೋಮೀಟರ್ ಅದು. ಅಣು ಇಂಧನವಾದ ಯುರೇನಿಯಂ ಡೈಆಕ್ಸೈಡ್ ಕರಗುವುದು ಸುಮಾರು 2,850 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿ ಸಾಮಾನ್ಯ ಮಾಪಕಗಳು ಉಳಿಯವು, ಬೆಳಕೇ ಸಾಕ್ಷಿ. ಆದರೆ ಒಂದೇ ಕಾವಿನಲ್ಲಿ ಎಲ್ಲ ವಸ್ತುಗಳೂ ಒಂದೇ ಸಮನೆ ಬೆಳಗುವುದಿಲ್ಲ. ಆದ್ದರಿಂದ ಇಂಧನ ಎಷ್ಟು ಬೆಳಕು ಚೆಲ್ಲುತ್ತದೆ ಎಂಬುದನ್ನೂ ವಿಜ್ಞಾನಿಗಳು ಅಳೆಯಬೇಕಾಗುತ್ತದೆ.

ಹದ ತಪ್ಪಿದರೆ ಮತ್ತೋಡಿನಲ್ಲಿ ಕೆಡುತ್ತಿದ್ದುದು ಬಳೆ. ಅಳತೆ ತಪ್ಪಿದರೆ ರಿಯಾಕ್ಟರಿನಲ್ಲಿ ಕೆಡುವುದು ಸುರಕ್ಷತೆಯ ಲೆಕ್ಕ.